ಯುವಕ ಸಂಘದ ವರ್ಷದ ಯೋಜನೆ: ಯುಗಾದಿಗೇ ಕೂತು ಬರೆಯಿರಿ

ತುಮಕೂರು, ಹಾಸನ, ಮಂಡ್ಯ ಕಡೆಯ ಹಳ್ಳಿಗಳಲ್ಲಿ ಯುವಕ ಸಂಘಕ್ಕೇನೂ ಬರವಿಲ್ಲ. ಬೋರ್ಡು, ನೋಂದಣಿ ಸಂಖ್ಯೆ, ಒಂದು ರೂಮು, ಅದರೊಳಗೆ ಗಾಳಿ ಹೋದ ವಾಲಿಬಾಲು ಎಲ್ಲ ಇರುತ್ತವೆ. ಬಾಗಿಲು ತೆರೆಯುವುದು ಮಾತ್ರ ಗಣಪತಿ ಹಬ್ಬಕ್ಕೆ ಮತ್ತು ನವೆಂಬರ್ 1ಕ್ಕೆ. ಹುಡುಗರಿಗೆ ಆಸಕ್ತಿ ಇಲ್ಲ ಎಂದು ಊರಿನ ಹಿರಿಯರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಗಣಪತಿ ಬಂದಾಗ ಹದಿನೈದು ದಿನ ನಿದ್ದೆಗೆಟ್ಟು ದುಡಿಯುವವರು ಇದೇ ಹುಡುಗರು. ಉಳಿದ ಕೆಲಸ ನಿಲ್ಲುವುದಕ್ಕೆ ಕಾರಣ ಬೇರೆ: ಯಾರು ಯಾವಾಗ ಊರಲ್ಲಿರುತ್ತಾರೆ, ದುಡ್ಡು ಯಾವ ತಿಂಗಳು ಕೈಗೆ ಬರುತ್ತದೆ, ಯಾವ ಕೆಲಸ ಯಾರ ಹೆಸರಲ್ಲಿದೆ ಎಂಬ ಮೂರನ್ನು ಯಾರೂ ವರ್ಷದ ಮೊದಲೇ ಕೂತು ಬರೆದಿರುವುದಿಲ್ಲ.

ಇಲ್ಲಿ ಬರೆದಿರುವುದು ಮಳೆಯಾಧಾರಿತ ರಾಗಿ ಬೆಳೆಯುವ, ಮುನ್ನೂರು ಮನೆಯ ಆಸುಪಾಸಿನ, ನಲವತ್ತು ಸದಸ್ಯರಿರುವ ಸಂಘವನ್ನು ಮನಸ್ಸಿನಲ್ಲಿಟ್ಟುಕೊಂಡು. ಕರಾವಳಿ, ಮಲೆನಾಡಿನವರು ಮಳೆಯ ಮತ್ತು ಕೊಯ್ಲಿನ ತಿಂಗಳುಗಳನ್ನು ತಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಬೇಕು.

ಸಭೆ ಯಾವಾಗ, ಹೇಗೆ

ಬೆಂಗಳೂರಲ್ಲಿರುವವರೂ ಊರಿಗೆ ಬರುವ ಹಬ್ಬ ಯುಗಾದಿ. ಹಣಕಾಸು ವರ್ಷ ಶುರುವಾಗುವುದೂ ಅದೇ ಸುಮಾರಿಗೆ, ಏಪ್ರಿಲ್ 1ಕ್ಕೆ. ಹಾಗಾಗಿ ವರ್ಷದ ಯೋಜನೆಗೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಆದರೆ ಯುಗಾದಿಯ ಮರುದಿನ, ಬಾಡೂಟದ ಹೊಸತೊಡಕಿನ ದಿನ ಮಧ್ಯಾಹ್ನದ ಮೇಲೆ ಸಭೆ ಇಟ್ಟರೆ ಯಾರೂ ಕೂರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಶುರುಮಾಡಿ, ಹನ್ನೊಂದಕ್ಕೆ ಮುಗಿಸಿ. ಜಾಗ ಸರ್ಕಾರಿ ಶಾಲೆಯಾದರೆ ಉತ್ತಮ. ದೇವಸ್ಥಾನದ ಪಡಸಾಲೆಯಲ್ಲೋ ಒಬ್ಬರ ಮನೆ ಜಗಲಿಯ ಮೇಲೋ ಕೂತರೆ ಒಂದು ಕೇರಿಯ ಹುಡುಗರು ಬಾಗಿಲಲ್ಲೇ ನಿಲ್ಲುತ್ತಾರೆ, ಮುಂದಿನ ಸಲ ಬರುವುದೇ ಇಲ್ಲ. ಎಲ್ಲ ಕೇರಿಯವರೂ ಸಂಕೋಚವಿಲ್ಲದೆ ಕಾಲಿಡುವ ಜಾಗ ಸಿಗದಿದ್ದರೆ ಆ ಸಂಘ ಊರಿನದಾಗುವುದಿಲ್ಲ. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಮೊದಲ ಅರ್ಧ ಗಂಟೆ ಹಿಂದಿನ ವರ್ಷದ ಲೆಕ್ಕ. ಬಂದದ್ದು, ಹೋದದ್ದು, ಉಳಿದದ್ದನ್ನು ಒಂದು ಚಾರ್ಟ್ ಪೇಪರಿನಲ್ಲಿ ಬರೆದು ಗೋಡೆಗೆ ಅಂಟಿಸಿ ಓದಬೇಕು. ಲೆಕ್ಕ ಓದದೆ ಹೊಸ ಯೋಜನೆಯ ಮಾತು ಎತ್ತಿದರೆ, ಹಿಂದೆ ಕೂತವರ ತಲೆಯಲ್ಲಿ ಹೋದ ವರ್ಷದ ಗಣಪತಿ ಚಂದಾ ಸುತ್ತುತ್ತಲೇ ಇರುತ್ತದೆ. ಆ ಅನುಮಾನ ಸಭೆಯಲ್ಲಿ ಬಾಯಿಬಿಡುವುದಿಲ್ಲ, ಆಮೇಲೆ ಟೀ ಅಂಗಡಿಯಲ್ಲಿ ಬಿಡುತ್ತದೆ.

ನಂತರ ಗುರಿ ಆರಿಸುವ ಕೆಲಸ. ಎ4 ಹಾಳೆಯನ್ನು ಎಂಟು ಚೀಟಿ ಮಾಡಿ, ಒಬ್ಬೊಬ್ಬರಿಗೆ ಎರಡೆರಡು ಕೊಡಿ. ಒಂದು ಚೀಟಿಗೆ ಒಂದೇ ತೊಂದರೆ ಬರೆಯಬೇಕು, ಹೆಸರು ಹಾಕಬಾರದು, ಪರಿಹಾರ ಬರೆಯಬಾರದು. ‘ಹತ್ತನೇ ಕ್ಲಾಸಲ್ಲಿ ಗಣಿತಕ್ಕೇ ಫೇಲಾಗ್ತಾರೆ’, ‘ಬಸ್ ಸ್ಟ್ಯಾಂಡ್ ಹತ್ರ ಲೈಟ್ ಇಲ್ಲ’, ‘ವಾಲಿಬಾಲ್ ಕೋರ್ಟಲ್ಲಿ ನೀರು ನಿಲ್ಲುತ್ತೆ’, ‘ಸ್ಮಶಾನದಲ್ಲಿ ನೆರಳಿಲ್ಲ’ ಹೀಗೆ. ಒಂದೇ ವಿಷಯದ ಚೀಟಿಗಳನ್ನು ಒಟ್ಟು ಮಾಡಿ ಜಮಖಾನದ ಮೇಲೆ ಹರಡಿ. ಆಮೇಲೆ ಪ್ರತಿಯೊಬ್ಬರ ಕೈಗೂ ಮೂರು ಹುಣಸೆ ಬೀಜ. ತನಗೆ ಮುಖ್ಯ ಎನಿಸಿದ ಗುಂಪಿನ ಮೇಲೆ ಬೀಜ ಇಡಬೇಕು. ಬೇಕಿದ್ದರೆ ಮೂರನ್ನೂ ಒಂದಕ್ಕೇ ಇಡಬಹುದು. ಇಡುವಾಗ ಅಧ್ಯಕ್ಷರು, ಕಾರ್ಯದರ್ಶಿ ಕೊನೆಯಲ್ಲಿ ಇಡಲಿ. ಕೈ ಎತ್ತಿಸಿದರೆ ಹುಡುಗರು ಮೊದಲು ಅಧ್ಯಕ್ಷರ ಕೈ ನೋಡುತ್ತಾರೆ, ಇಲ್ಲವೇ ತಮ್ಮ ಕೇರಿಯ ಹಿರಿಯ ಹುಡುಗನ ಕೈ ನೋಡುತ್ತಾರೆ. ಬೀಜಕ್ಕೆ ಆ ದಾಕ್ಷಿಣ್ಯ ಇಲ್ಲ. ಎಣಿಸಿದಾಗ ಸಭೆಯಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳದ ವಿಷಯ ಮೇಲೆ ಬರುವುದುಂಟು.

ಮೇಲೆ ಬಂದದ್ದನ್ನೆಲ್ಲ ಸಂಘವೇ ಮಾಡಬೇಕಿಲ್ಲ. ಬೀದಿ ದೀಪ ಗ್ರಾಮ ಪಂಚಾಯಿತಿಯ ಕೆಲಸ. ಅಲ್ಲಿ ಸಂಘದ ಪಾಲು ಇಷ್ಟೇ: ಕಂಬದ ಸಂಖ್ಯೆ ಬರೆದು ಅರ್ಜಿ ಕೊಡುವುದು, ಸ್ವೀಕೃತಿ ಪಡೆಯುವುದು, ವಾರ್ಡ್ ಸಭೆಯಲ್ಲೂ ಗ್ರಾಮ ಸಭೆಯಲ್ಲೂ ಎದ್ದು ನಿಂತು ಕೇಳುವುದು, ಕೇಳಿದ್ದು ಸಭೆಯ ನಡಾವಳಿಗೆ ಬಂತೇ ಎಂದು ನೋಡುವುದು. ಹುಡುಗರೇ ಕಂಬ ಹತ್ತಿ ಬಲ್ಬು ಹಾಕುವ ಉತ್ಸಾಹ ಬೇಡವೇ ಬೇಡ, ಜೀವ ಹೋಗುವ ಕೆಲಸ ಅದು.

ಕೊನೆಗೆ ನಾಲ್ಕು ಗುರಿ ಉಳಿಯಲಿ. ಐದನೆಯದು ಎಷ್ಟೇ ಒಳ್ಳೆಯದಾದರೂ ಮುಂದಿನ ವರ್ಷಕ್ಕೆ. ಬರೆಯುವಾಗ ಎಣಿಸಲು ಬರುವಂತೆ ಬರೆಯಿರಿ. ‘ಪರಿಸರ ಸಂರಕ್ಷಣೆ’ ಎಂದು ಬರೆದರೆ ವರ್ಷದ ಕೊನೆಗೆ ಯಾರೂ ಯಾರನ್ನೂ ಏನೂ ಕೇಳುವಂತಿಲ್ಲ. ‘ಶಾಲೆ ಹಿಂದೆ ಮತ್ತು ಸ್ಮಶಾನದಲ್ಲಿ 50 ಗಿಡ ನೆಡುವುದು, ಮುಂದಿನ ಮೇ 31ಕ್ಕೆ 40 ಬದುಕಿರಬೇಕು’ ಎಂದು ಬರೆದರೆ ಯಾವ ಹುಡುಗ ಬೇಕಾದರೂ ಹೋಗಿ ಎಣಿಸಿ ಬರಬಹುದು. ಹಾಗೆಯೇ ‘ಯುವತಿಯರ ಪಾಲ್ಗೊಳ್ಳುವಿಕೆ’ ಎಂಬುದರ ಬದಲು ‘ಸದಸ್ಯರಲ್ಲಿ 12 ಜನ ಹುಡುಗಿಯರು, ಸಮಿತಿಯಲ್ಲಿ ಇಬ್ಬರು, ಅದರಲ್ಲಿ ಒಬ್ಬರು ಖಜಾಂಚಿ’.

ಈ ಹುಡುಗಿಯರ ವಿಷಯ ಬರೀ ಗುರಿ ಬರೆದರೆ ಆಗುವುದಿಲ್ಲ. ಸಭೆಯನ್ನು ರಾತ್ರಿ ಎಂಟಕ್ಕೆ ಇಟ್ಟು, ಹುಡುಗಿಯರು ಬರುವುದಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಭಾನುವಾರ ಸಂಜೆ ನಾಲ್ಕೂವರೆಗೆ ಶಾಲೆಯಲ್ಲಿ ಸಭೆ, ಆರರೊಳಗೆ ಮುಕ್ತಾಯ. ವಾಲಿಬಾಲ್ ಕೋರ್ಟು ವಾರದಲ್ಲಿ ಮೂರು ಸಂಜೆ ಐದರಿಂದ ಆರು ಅವರಿಗೇ, ಆ ಹೊತ್ತಿನಲ್ಲಿ ಹುಡುಗರು ಕಟ್ಟೆ ಮೇಲೆ ಕೂತು ನೋಡುವುದೂ ಬೇಡ. ನೆಟ್ಟಿನ ಎತ್ತರ ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24 ಮೀಟರ್. ಕಂಬಕ್ಕೆ ಎರಡು ಜಾಗದಲ್ಲಿ ಕೊಕ್ಕೆ ಬೆಸುಗೆ ಹಾಕಿಸಿದರೆ ಎರಡು ನಿಮಿಷದಲ್ಲಿ ಬದಲಿಸಬಹುದು. ಆ ಕೊಕ್ಕೆ ಇಲ್ಲದಿದ್ದರೆ ಹುಡುಗಿಯರು ಪ್ರತಿದಿನ ಗಂಡಸರ ಎತ್ತರದ ನೆಟ್ಟಿನಲ್ಲೇ ಆಡಿ, ಬೇಸರವಾಗಿ ಬಿಟ್ಟುಬಿಡುತ್ತಾರೆ.

ಕ್ಯಾಲೆಂಡರ್: ಮೊದಲು ಬೇಡದ ದಿನಗಳನ್ನು ಹೊಡೆದುಹಾಕಿ

ಸಾಮಾನ್ಯವಾಗಿ ನಡೆಯುವುದು ಏನೆಂದರೆ, ದಿನಾಚರಣೆಗಳ ಪಟ್ಟಿ ಮುಂದಿಟ್ಟುಕೊಂಡು ಜೂನ್ 5 ಪರಿಸರ ದಿನ, ಆಗಸ್ಟ್ 29 ಕ್ರೀಡಾ ದಿನ, ಜನವರಿ 12 ಯುವ ದಿನ ಎಂದು ತುಂಬಿಕೊಂಡು ಹೋಗುವುದು. ಅದಕ್ಕೆ ಮೊದಲು ಹನ್ನೆರಡು ಅಂಕಣದ ಚಾರ್ಟಿನಲ್ಲಿ ಕೆಂಪು ಸ್ಕೆಚ್‌ಪೆನ್ನಿನಿಂದ ಹೊಡೆದುಹಾಕಬೇಕಾದ ದಿನಗಳಿವೆ. ಜೂನ್ ಕೊನೆಯಿಂದ ಜುಲೈ ಪೂರ್ತಿ ರಾಗಿ ಬಿತ್ತನೆ, ಕುಂಟೆ, ಕಳೆ. ನವೆಂಬರ್ ಮಧ್ಯದಿಂದ ಡಿಸೆಂಬರ್ ಕೊನೆಯವರೆಗೆ ಕೊಯ್ಲು, ಆಮೇಲೆ ಕಣ. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ, ಮೈಕು ಹಾಕುವಂತಿಲ್ಲ. ಪಿತೃಪಕ್ಷದ ಹದಿನೈದು ದಿನ ಊರವರು ಹೊಸ ಕೆಲಸಕ್ಕೆ ಕೈಹಾಕುವುದಿಲ್ಲ. ಊರ ಜಾತ್ರೆ, ಸುತ್ತಮುತ್ತಲ ನಾಲ್ಕು ಊರಿನ ಜಾತ್ರೆ, ಇವೂ ಹೋದವು.

ಇಷ್ಟು ಹೊಡೆದ ಮೇಲೆ ಉಳಿಯುವುದು ಮೂರೇ ತೆರವು: ಮೇ ತಿಂಗಳು, ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಕೊನೆ, ಸಂಕ್ರಾಂತಿ ಕಳೆದ ಮೇಲೆ ಫೆಬ್ರವರಿ ಕೊನೆಯವರೆಗೆ. ಜನ ಸೇರಿಸಬೇಕಾದ ಕೆಲಸವೆಲ್ಲ ಇಲ್ಲೇ ಕೂರಬೇಕು. ಒಂದು ತೆರವಿಗೆ ಒಂದೇ ದೊಡ್ಡ ಕೆಲಸ. ಆಗಸ್ಟ್–ಅಕ್ಟೋಬರಿನಲ್ಲಿ ಗಣಪತಿ ಹಬ್ಬವೇ ಒಂದು ದೊಡ್ಡ ಕೆಲಸ ಆಗಿರುವುದರಿಂದ, ಅದರ ಜೊತೆ ಕಬಡ್ಡಿ ಪಂದ್ಯಾವಳಿ ಸೇರಿಸಿದರೆ ಎರಡೂ ಅರೆಬರೆ ಆಗುತ್ತವೆ. ಕಬಡ್ಡಿ ಜನವರಿ ಕೊನೆಯ ವಾರಕ್ಕೆ ಇರಲಿ. ಕಣ ಮುಗಿದಿರುತ್ತದೆ, ರಾಗಿ ಮಾರಿದ ದುಡ್ಡು ಓಡಾಡುತ್ತಿರುತ್ತದೆ, ಮಳೆಯ ಭಯವಿಲ್ಲ.

ಸಣ್ಣ ಕೆಲಸಗಳು ಈ ತೆರವಿಗೆ ಕಾಯಬೇಕಿಲ್ಲ. ಉದಾಹರಣೆಗೆ ಮತದಾರರ ಪಟ್ಟಿ. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಈ ನಾಲ್ಕೂ ಅರ್ಹತಾ ದಿನಾಂಕಗಳು, ಅಂದರೆ ಆ ದಿನಕ್ಕೆ 18 ತುಂಬಿದವರ ಹೆಸರು ಪಟ್ಟಿಗೆ ಸೇರುತ್ತದೆ. 17 ತುಂಬಿದವರು ಮುಂಗಡವಾಗಿಯೇ ಹೆಸರು ಸೇರಿಸುವ ಅರ್ಜಿ, ನಮೂನೆ 6 ಕೊಡಬಹುದು. ಇಬ್ಬರು ಸದಸ್ಯರು ಊರಿನ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಜೊತೆ ಕೂತು ಮೂರು ತಿಂಗಳಿಗೊಮ್ಮೆ ಹೆಸರು ನೋಡಿಕೊಂಡರೆ ಜನವರಿ 25ರ ಮತದಾರರ ದಿನಕ್ಕೆ ಭಾಷಣದ ಅಗತ್ಯವೇ ಬೀಳುವುದಿಲ್ಲ.

ಗಿಡ ನೆಡುವ ಕೆಲಸ ಮೇ ತಿಂಗಳಲ್ಲೇ ಶುರು

ಜೂನ್ 5ರಂದು ನೆಟ್ಟ ಗಿಡ ನಮ್ಮ ಬಯಲುಸೀಮೆಯಲ್ಲಿ ಉಳಿಯುವುದು ಕಷ್ಟ. ಮುಂಗಾರಿನ ಮೊದಲ ಮಳೆ ಬಂದು ಹೋದ ಮೇಲೆ ಹದಿನೈದಿಪ್ಪತ್ತು ದಿನ ಬಿಸಿಲು ಹೊಡೆಯುವುದುಂಟು. ಎಳೆಯ ಬೇರು ಅಷ್ಟರಲ್ಲೇ ಒಣಗುತ್ತದೆ. ದಕ್ಷಿಣ ಒಳನಾಡಿನಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜುಲೈ ಮಧ್ಯದಿಂದ ಆಗಸ್ಟ್ ಮೊದಲ ವಾರದೊಳಗೆ, ಎರಡು ಹದ ಮಳೆ ಬಿದ್ದ ಮೇಲೆ ನೆಟ್ಟರೆ ಹಿಂಗಾರು ಮುಗಿಯುವಷ್ಟರಲ್ಲಿ ಬೇರು ಇಳಿದಿರುತ್ತದೆ.

ಜುಲೈ ಹೊಲದ ಕೆಲಸದ ತಿಂಗಳಾದ್ದರಿಂದ ಗುಂಡಿ ಮಾತ್ರ ಮೇ ತಿಂಗಳಲ್ಲೇ ಆಗಬೇಕು, ಬೇಸಿಗೆ ಮಳೆ ಬಿದ್ದು ನೆಲ ಮೆತ್ತಗಾದ ಕೂಡಲೇ. ಉದ್ದ, ಅಗಲ, ಆಳ ಮೂರೂ ಒಂದೂವರೆ ಅಡಿ. ಮೇಲಿನ ಅರ್ಧ ಅಡಿ ಮಣ್ಣು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಒಂದು ತಿಂಗಳು ಬಿಸಿಲು ಕುಡಿಯಲಿ. ನೆಡುವಾಗ ಮೇಲ್ಮಣ್ಣಿಗೆ ಐದು ಕೆ.ಜಿ. ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ತಳಕ್ಕೆ ಹಾಕಬೇಕು. ಹಸಿ ಸಗಣಿ ಹಾಕಿದರೆ ಬಿಸಿಗೆ ಬೇರು ಸುಡುತ್ತದೆ, ಗೆದ್ದಲೂ ಹತ್ತುತ್ತದೆ. ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ, ಕಾಂಡ ಹಿಡಿದು ಎಳೆಯಬೇಡಿ. ಫೋಟೋದ ಅವಸರದಲ್ಲಿ ಚೀಲ ಸಮೇತ ಹೂತ ಗಿಡಗಳು ಒಂದು ವರ್ಷ ಹಸಿರಾಗಿದ್ದು, ಎರಡನೇ ಬೇಸಿಗೆಗೆ ಕಾರಣವೇ ತಿಳಿಯದಂತೆ ಒಣಗುತ್ತವೆ.

ಗಿಡಕ್ಕೆ ಅರಣ್ಯ ಇಲಾಖೆಯ ನರ್ಸರಿಗೆ ಏಪ್ರಿಲ್‌ನಲ್ಲೇ ಅರ್ಜಿ ಕೊಡಿ. ಜುಲೈನಲ್ಲಿ ಹೋದರೆ ಉಳಿದದ್ದು ಸಿಗುತ್ತದೆ, ಬೇಕಾದದ್ದು ಸಿಗುವುದಿಲ್ಲ. ಶಾಲೆ, ರಸ್ತೆ ಬದಿಗೆ 8×12 ಇಂಚು ಅಥವಾ ಅದಕ್ಕಿಂತ ದೊಡ್ಡ ಚೀಲದ, ಎದೆಮಟ್ಟದ ಗಿಡ ಕೇಳಿ. ಮೊಣಕಾಲೆತ್ತರದ ಗಿಡ ಮೇಕೆಗೆ ಒಂದು ತುತ್ತು. ಹೊಂಗೆ, ಬೇವು, ನೇರಳೆ, ಹುಣಸೆ ನಮ್ಮ ನೆಲಕ್ಕೆ ಒಗ್ಗುತ್ತವೆ. ಸದಸ್ಯರು ಸ್ವಂತ ಜಮೀನಿನಲ್ಲಿ ನೆಡುವುದಾದರೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನೋಂದಾಯಿಸಿ, ಬದುಕುಳಿದ ಗಿಡಕ್ಕೆ ಪ್ರೋತ್ಸಾಹಧನ ಬರುತ್ತದೆ. ಎರಡು ಜಾಗ ತಪ್ಪಿಸಿ: ಕರೆಂಟು ತಂತಿಯ ಕೆಳಗೆ, ಮತ್ತು ಕೆರೆ ಏರಿಯ ಮೇಲೆ. ತಂತಿ ಕೆಳಗಿನದನ್ನು ಎರಡು ವರ್ಷದಲ್ಲಿ ಲೈನ್‌ಮನ್ ಕಡಿಯಲೇಬೇಕಾಗುತ್ತದೆ. ಮರದ ಬೇರು ಮಣ್ಣಿನ ಏರಿಯನ್ನು ಸಡಿಲಿಸುತ್ತದೆ, ಆ ಬೇರು ಕೊಳೆತರೆ ಅದೇ ದಾರಿಯಲ್ಲಿ ನೀರು ಜಿನುಗುತ್ತದೆ.

ನಿಜವಾದ ಖರ್ಚು ಇರುವುದು ನೆಟ್ಟ ಮೇಲೆ. ಜನವರಿಯಿಂದ ಮೇವರೆಗೆ ಇಪ್ಪತ್ತು ವಾರ, ಗಿಡಕ್ಕೆ ವಾರಕ್ಕೆ ಹದಿನೈದು ಲೀಟರ್. 50 ಗಿಡಕ್ಕೆ ವಾರಕ್ಕೆ 750 ಲೀಟರ್, ಅಂದರೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿ 200 ಲೀಟರಿನ ನಾಲ್ಕು ಡ್ರಮ್ಮು. ಡೀಸೆಲ್ ದುಡ್ಡು, ಡ್ರೈವರ್ ಹೆಸರು, ವಾರದ ದಿನ, ಈ ಮೂರೂ ಯುಗಾದಿ ಸಭೆಯಲ್ಲೇ ಬರೆದಾಗಬೇಕು. 200 ಗಿಡ ಎಂದು ಯಾರಾದರೂ ಹುರುಪಿನಿಂದ ಹೇಳಿದರೆ ವಾರಕ್ಕೆ 3,000 ಲೀಟರ್ ಯಾರು ತರುತ್ತಾರೆ ಎಂದು ಅಲ್ಲೇ ಕೇಳಿ.

ದುಡ್ಡು

ಸದಸ್ಯತ್ವದ ಹಣ ತಿಂಗಳಿಗೆ 50 ರೂಪಾಯಿಯಂತೆ 40 ಜನರಿಂದ ವರ್ಷಕ್ಕೆ 24,000. ಕಾಗದದ ಮೇಲೆ ಇಷ್ಟು. ಬಜೆಟ್ಟಿನಲ್ಲಿ ಬರೆಯಬೇಕಾದ್ದು 16,000. ಮೂರರಲ್ಲಿ ಒಂದು ಪಾಲು ಬರುವುದಿಲ್ಲ ಎಂದೇ ಲೆಕ್ಕ ಹಾಕಿ, ಬಂದರೆ ಅದು ಆಪತ್ತಿಗೆ ಇಟ್ಟ ಹಣ. ಊರು ಬಿಟ್ಟು ದುಡಿಯುತ್ತಿರುವವರಿಂದ ಯುಗಾದಿಯ ದಿನವೇ ವರ್ಷಕ್ಕೊಮ್ಮೆ ಕೊಡುವ ಮೊತ್ತ ಕೇಳಿ. ಪ್ರತಿ ಕಾರ್ಯಕ್ರಮಕ್ಕೂ ಫೋನು ಮಾಡಿ ಕೇಳಿದರೆ ಮೂರನೇ ಸಲಕ್ಕೆ ಅವರು ಫೋನು ತೆಗೆಯುವುದಿಲ್ಲ. ಇದರಿಂದ 12,000 ಬರಬಹುದು ಎಂದಿಟ್ಟುಕೊಳ್ಳೋಣ.

ಇನ್ನೊಂದು ದಾರಿ ಕುರ್ಚಿ. ಸಂಘಕ್ಕೆ ನೂರು ಪ್ಲಾಸ್ಟಿಕ್ ಕುರ್ಚಿ, ಒಂದಿಷ್ಟು ಪಾತ್ರೆ ಇದ್ದರೆ, ಕುರ್ಚಿಗೆ ಐದು ರೂಪಾಯಿಯಂತೆ ವರ್ಷಕ್ಕೆ ಇಪ್ಪತ್ತು ಸಮಾರಂಭಕ್ಕೆ ಬಾಡಿಗೆ ಕೊಟ್ಟರೆ 10,000. ಕುರ್ಚಿಯ ಬೆನ್ನಿಗೆ ಸಂಖ್ಯೆ ಬರೆಯಿಸಿ, ಮುಂಗಡ ತೆಗೆದುಕೊಂಡು, ವಾಪಸು ಬಂದಾಗ ಎಣಿಸಿ. ಬಾಡಿಗೆ ಬರುವುದು ಏಪ್ರಿಲ್, ಮೇ ಮದುವೆ ತಿಂಗಳಲ್ಲಿ. ಆಷಾಢದಲ್ಲಿ ಒಂದೂ ಹೋಗುವುದಿಲ್ಲ, ಅದನ್ನು ನಂಬಿ ಜುಲೈ ಖರ್ಚು ಇಡಬೇಡಿ. ಸಮಿತಿಯವರ ಮನೆಯ ಸಮಾರಂಭಕ್ಕೂ ಬಾಡಿಗೆ ಇರಲಿ. ಒಮ್ಮೆ ಬಿಟ್ಟರೆ ಆಮೇಲೆ ಯಾರನ್ನೂ ಕೇಳಲಾಗುವುದಿಲ್ಲ.

ಒಟ್ಟು 38,000. ಹಂಚಿಕೆ ಹೀಗೆ ಆಗಬಹುದು: ರೂಮಿನ ಕರೆಂಟು, ರಿಪೇರಿಗೆ 5,000. ಚೆಂಡು, ನೆಟ್ಟು, ಕೋರ್ಟಿನ ಮಣ್ಣಿಗೆ 7,000. ಗಿಡಕ್ಕೆ 9,000, ಅದರಲ್ಲಿ 6,000 ಬರೀ ನೀರಿಗೆ. ಹತ್ತನೇ ಕ್ಲಾಸಿನ ಮಕ್ಕಳ ಸಂಜೆ ಓದಿಗೆ 6,000. ರಕ್ತದಾನ ಶಿಬಿರದ ತಿಂಡಿ, ಬ್ಯಾನರಿಗೆ 3,000. ಆಡಿಟ್, ಫೈಲಿಂಗಿಗೆ 3,000. ಉಳಿದ 5,000ವನ್ನು ಯಾರು ಕೇಳಿದರೂ ಡಿಸೆಂಬರಿನವರೆಗೆ ಮುಟ್ಟಬೇಡಿ.

ಗಣಪತಿ ಹಣ ಈ ಲೆಕ್ಕದೊಳಗೆ ಬರಲೇಬಾರದು. ಪ್ರತ್ಯೇಕ ರಸೀದಿ ಪುಸ್ತಕ, ಪ್ರತ್ಯೇಕ ಲೆಕ್ಕ. ವಿಸರ್ಜನೆಯಾದ ಏಳು ದಿನದೊಳಗೆ ಮನೆವಾರು ಚಂದಾ ಮತ್ತು ಖರ್ಚನ್ನು ಅರಳಿಕಟ್ಟೆಯ ಬೋರ್ಡಿಗೆ ಹಾಕಿ. ಉಳಿಕೆ ಇದ್ದರೆ ಬ್ಯಾಂಕಿಗೆ ಕಟ್ಟಿ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ಪೊಲೀಸ್ ಅನುಮತಿ, ತಾತ್ಕಾಲಿಕ ವಿದ್ಯುತ್ ಸಂಪರ್ಕ, ಪಂಚಾಯಿತಿಯ ಒಪ್ಪಿಗೆಗೆ ಹಬ್ಬಕ್ಕೆ ಮೂರು ವಾರ ಮುಂಚೆ ಅರ್ಜಿ ಹೋಗಬೇಕು. ಮೂರ್ತಿ ಮಣ್ಣಿನದೇ ಇರಲಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗೆ ನಿಷೇಧವಿದೆ, ಅಲ್ಲದೆ ಅದು ದನ ಕುಡಿಯುವ ಅದೇ ಕೆರೆಗೆ ಹೋಗುತ್ತದೆ.

ಕಬಡ್ಡಿ: ತಂಡ ಎಷ್ಟು ಎಂಬಲ್ಲೇ ಎಲ್ಲ ಇದೆ

ನಾಕೌಟ್ ಪಂದ್ಯಾವಳಿಯಲ್ಲಿ ತಂಡಗಳಿಗಿಂತ ಒಂದು ಕಡಿಮೆ ಪಂದ್ಯ. 16 ತಂಡಕ್ಕೆ 15 ಪಂದ್ಯ. ಇಪ್ಪತ್ತು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ, ತಂಡ ಬದಲಾಗಲು ಹತ್ತು ನಿಮಿಷ, ಒಟ್ಟು 55 ನಿಮಿಷ. ಒಂದೇ ಅಂಕಣದಲ್ಲಿ ಹದಿಮೂರೂಮುಕ್ಕಾಲು ಗಂಟೆ ಬೇಕು. ಎರಡು ಅಂಕಣ ಹಾಕಿ, ಸೆಮಿಫೈನಲ್ ಎರಡನ್ನೂ ಒಟ್ಟಿಗೆ ಆಡಿಸಿದರೆ ಎಂಟು ಸುತ್ತು, ಏಳು ಗಂಟೆ ಇಪ್ಪತ್ತು ನಿಮಿಷ. ಬೆಳಿಗ್ಗೆ ಹತ್ತಕ್ಕೆ ಶುರುವಾದರೆ ಬೆಳಕಿರುವಾಗಲೇ ಕಪ್ಪು ಕೊಡಬಹುದು. ಹದಿನೈದು ನಿಮಿಷದ ಅವಧಿ ಇಟ್ಟರೆ ಆರು ಗಂಟೆ ಸಾಕು. 24 ತಂಡ ಸೇರಿಸಿಕೊಂಡರೆ ಎರಡು ಅಂಕಣದಲ್ಲೂ ಹನ್ನೊಂದು ಗಂಟೆ ಹಿಡಿಯುತ್ತದೆ. ಪ್ರವೇಶ ಶುಲ್ಕದ ಆಸೆಗೆ 24, 30 ತಂಡ ಒಪ್ಪಿಕೊಂಡ ಕಡೆಯಲ್ಲೇ ಫೈನಲ್ ರಾತ್ರಿ ಎರಡಕ್ಕೆ ನಡೆಯುವುದು, ಜಗಳ ಹತ್ತುವುದು, ಸೋತು ಸುಸ್ತಾದವರ ಮಂಡಿ ಹೋಗುವುದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ಅವಕಾಶವೂ ಇಲ್ಲ. 16ಕ್ಕೆ ಬಾಗಿಲು ಹಾಕಿ.

ಅಂಕಣ ಗಂಡಸರಿಗೆ 13×10 ಮೀಟರ್, ಹೆಂಗಸರಿಗೆ 12×8. ನೆಲವನ್ನು ಆರು ಇಂಚು ಅಗೆದು ಕಲ್ಲು, ಗಾಜಿನ ಚೂರು ಆರಿಸಿ, ಜರಡಿ ಹಿಡಿದ ಮಣ್ಣು ತುಂಬಿ, ಹಿಂದಿನ ಸಂಜೆ ಹದವಾಗಿ ನೀರು ಚಿಮುಕಿಸಬೇಕು. ನೀರು ಹೆಚ್ಚಾದರೆ ಬೆಳಿಗ್ಗೆ ಮೇಲ್ಪದರ ಜಾರುತ್ತದೆ, ಪಾದ ಉಳುಕುವುದು ಹಾಗೆಯೇ. ತೂಕದ ವಿಭಾಗ ಇಟ್ಟಿದ್ದರೆ ಯಂತ್ರದ ಮೇಲೆ 50 ಕೆ.ಜಿ. ಸಿಮೆಂಟ್ ಮೂಟೆ ಇಟ್ಟು ಎಲ್ಲ ತಂಡದವರ ಮುಂದೆ ತೋರಿಸಿ ಆಮೇಲೆ ತೂಗಿ. ಅತಿಥಿ ಆಟಗಾರರು ಎಷ್ಟು, ಗುರುತಿಗೆ ಯಾವ ದಾಖಲೆ, ಅವಧಿ ಎಷ್ಟು ನಿಮಿಷ, ಎಲ್ಲ ಒಂದು ಹಾಳೆಯಲ್ಲಿ ಅಚ್ಚಾಗಿ, ಶುಲ್ಕ ಕಟ್ಟುವಾಗಲೇ ತಂಡದ ನಾಯಕನ ಸಹಿ ಬೀಳಲಿ. ಬಹುಮಾನದ ದುಡ್ಡು ದಾನಿಯ ಕೈಯಿಂದ ನಮ್ಮ ಖಾತೆಗೆ ಬಂದ ಮೇಲೆ ಪೋಸ್ಟರ್ ಅಚ್ಚು ಹಾಕಿಸಿ, ಅದಕ್ಕೂ ಮುಂಚೆ ಬೇಡ. ಚುನಾವಣೆ ಹತ್ತಿರವಿದ್ದರೆ ಪಕ್ಷದವರ ಫೋಟೋ ಇರುವ ಜೆರ್ಸಿ ಒಪ್ಪಬೇಡಿ. ಆ ಒಂದು ಜೆರ್ಸಿ ಅರ್ಧ ಸದಸ್ಯರನ್ನು ಕಳೆಯುತ್ತದೆ.

ರಕ್ತದಾನ ಮತ್ತು ಸಂಜೆ ಓದು

ರಕ್ತದಾನಕ್ಕೆ ಅಕ್ಟೋಬರ್ 1, ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ಅಥವಾ ಅದರ ಹತ್ತಿರದ ಭಾನುವಾರ ನಮ್ಮ ಕಡೆಗೆ ಹೊಂದುತ್ತದೆ. ಪಿತೃಪಕ್ಷ ಅಡ್ಡ ಬಂದರೆ ಮುಂದಕ್ಕೆ ಹಾಕಿ. ಪರವಾನಗಿ ಇರುವ ರಕ್ತನಿಧಿಯ ಜೊತೆ ಎರಡು ತಿಂಗಳು ಮುಂಚೆ ದಿನ ಗೊತ್ತುಮಾಡಿ. ಕೊಡುವವರ ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5. ಗಂಡಸರಿಗೆ ಹಿಂದಿನ ದಾನದಿಂದ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಕಳೆದಿರಬೇಕು. ಹೆಸರು ಕೊಟ್ಟವರಲ್ಲಿ ಹಲವರು ತಪಾಸಣೆಯಲ್ಲಿ ಹಿಂದಕ್ಕೆ ಬರುತ್ತಾರೆ, ಆದ್ದರಿಂದ 50 ಯೂನಿಟ್ ಬೇಕಿದ್ದರೆ 80 ಹೆಸರು ಬರೆದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಮೊದಲು ಇಡ್ಲಿ ಕೊಡಿ. ತಲೆ ಸುತ್ತಿ ಬೀಳುವವರಲ್ಲಿ ಹೆಚ್ಚಿನವರು ಬೆಳಿಗ್ಗೆ ತಿನ್ನದೆ ಬಂದವರೇ. ಕೊಟ್ಟ ಮೇಲೆ ಕಾಲು ಗಂಟೆ ಕೂರಿಸಿ, ತಕ್ಷಣ ಬೈಕು ಹತ್ತಲು ಬಿಡಬೇಡಿ. ಹಿಮೋಗ್ಲೋಬಿನ್ ಕಡಿಮೆ ಬಂದವರ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ಆಶಾ ಕಾರ್ಯಕರ್ತೆಗೆ ಕೊಟ್ಟರೆ ಶಿಬಿರದಿಂದ ಎರಡನೇ ಪ್ರಯೋಜನವೂ ಆಯಿತು. ಇದನ್ನು ಬಹಳ ಸಂಘಗಳು ಕೈಬಿಡುತ್ತವೆ.

ಸಂಜೆ ಓದು ದಸರಾ ರಜೆ ಮುಗಿದ ಮೇಲೆ ಶುರುವಾಗಿ ಮಾರ್ಚ್‌ವರೆಗೆ, ವಾರಕ್ಕೆ ಐದು ದಿನ. ಎಲ್ಲ ವಿಷಯ ಹಿಡಿದುಕೊಳ್ಳಬೇಡಿ. ಗಣಿತ, ವಿಜ್ಞಾನ ಎರಡೇ ಸಾಕು. ಊರಿನಲ್ಲಿ ಡಿಗ್ರಿ ಓದುತ್ತಿರುವ ನಾಲ್ವರು ಪಾಳಿ ಹಾಕಿಕೊಂಡರೆ ಒಬ್ಬರಿಗೆ ವಾರಕ್ಕೆ ಒಂದೆರಡು ದಿನ ಬೀಳುತ್ತದೆ. ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳನ್ನು ಪ್ರಿಂಟ್ ತೆಗೆಸಿ ವಾರಕ್ಕೊಂದು ಬಿಡಿಸಬೇಕು. ಕರೆಂಟು ಹೋಗುವ ಊರಿಗೆ ಒಂದು ಬ್ಯಾಟರಿ ದೀಪ ಈ ಬಜೆಟ್ಟಿನಲ್ಲೇ ಬರಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ಹತ್ತಿರವಿದ್ದರೆ ಜಾಗ, ಪುಸ್ತಕ ಎರಡೂ ಸಿಗಬಹುದು.

ಫಲಿತಾಂಶ ಬಂದ ವಾರ ಮರೆಯಬಾರದ ಕೆಲಸ ಒಂದಿದೆ. 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಪರೀಕ್ಷೆ 1ರಲ್ಲಿ ಬಿದ್ದ ಮಕ್ಕಳು ಪರೀಕ್ಷೆ 2ಕ್ಕೆ ನೋಂದಾಯಿಸಲು ಸಿಗುವ ದಿನಗಳು ಬಹಳ ಕಡಿಮೆ. ಅವಮಾನಕ್ಕೆ ಮನೆಯಿಂದ ಹೊರಗೇ ಬಾರದ ಹುಡುಗ ಆ ದಿನಗಳನ್ನು ಕಳೆದುಕೊಂಡು ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗಿಬಿಡುತ್ತಾನೆ. ಫಲಿತಾಂಶದ ಮರುದಿನವೇ ಇಬ್ಬರು ಸದಸ್ಯರು ಮನೆಗೆ ಹೋಗಿ, ಶಾಲೆಗೆ ಕರೆದುಕೊಂಡು ಹೋಗಿ ಅರ್ಜಿ ತುಂಬಿಸಬೇಕು. ಸಂಘ ಮಾಡುವ ಎಲ್ಲ ಕೆಲಸಗಳಲ್ಲಿ ಇದಕ್ಕೆ ನಾನು ಮೊದಲ ಜಾಗ ಕೊಡುತ್ತೇನೆ. ಖರ್ಚು ಏನೂ ಇಲ್ಲ, ಒಂದು ಮಗುವಿನ ಒಂದು ವರ್ಷ ಉಳಿಯುತ್ತದೆ.

ಹೆಸರು, ತಪಾಸಣೆ, ಕಾಗದ

ಪ್ರತಿ ಕೆಲಸಕ್ಕೂ ಇಬ್ಬರ ಹೆಸರು. ಅದರಲ್ಲಿ ಒಬ್ಬರಾದರೂ ಊರಿನಲ್ಲೇ ಇರುವವರು. ಬೆಂಗಳೂರಿನವರಿಗೆ ಪೋಸ್ಟರ್, ಬಹುಮಾನ ಖರೀದಿ, ಆನ್‌ಲೈನ್ ಅರ್ಜಿಯಂಥವು ಕೊಡಿ. ಗಿಡಕ್ಕೆ ನೀರು ಹಾಕುವ ಜವಾಬ್ದಾರಿ ಕೊಟ್ಟರೆ ಗಿಡವೂ ಹೋಯಿತು, ಸ್ನೇಹವೂ ಹೋಯಿತು. ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳು ಒತ್ತಿದ್ದನ್ನು ಒಪ್ಪಿಗೆ ಎಂದು ತಿಳಿಯಬೇಡಿ, ನಡಾವಳಿ ಪುಸ್ತಕದ ಸಹಿಯೇ ತೀರ್ಮಾನ.

ಜುಲೈ, ಅಕ್ಟೋಬರ್, ಜನವರಿಯ ಮೊದಲ ಭಾನುವಾರ ಒಂದೊಂದು ಗಂಟೆ ಕೂತು ನಾಲ್ಕು ಗುರಿಗಳ ಮುಂದೆ ಮೂರು ಪ್ರಶ್ನೆ ಬರೆಯಿರಿ: ಎಷ್ಟಾಯಿತು, ಯಾಕೆ ನಿಂತಿತು, ಯಾರು ಮುಂದುವರಿಸುತ್ತಾರೆ. ಅಕ್ಟೋಬರಿನಲ್ಲೂ ಕದಲದ ಗುರಿಯನ್ನು ಬಿಟ್ಟುಬಿಡಿ. ಆ ಹಣವನ್ನೂ ಜನರನ್ನೂ ನಡೆಯುತ್ತಿರುವುದಕ್ಕೆ ಕೊಡಿ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು, ಕನಿಷ್ಠ ಏಳು ಜನ ಸೇರಿದರೆ ನೋಂದಣಿ ಆಗುತ್ತದೆ. ಆದರೆ ನೋಂದಣಿ ಮಾಡಿಸಿ ಮರೆತ ಸಂಘಗಳೇ ಹೆಚ್ಚು. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಆಡಿಟ್ ಆದ ಲೆಕ್ಕ ಮತ್ತು ಆಡಳಿತ ಮಂಡಳಿಯ ಪಟ್ಟಿಯನ್ನು ಸಭೆಯಾದ ಹದಿನಾಲ್ಕು ದಿನದೊಳಗೆ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಾಲ್ಕೈದು ವರ್ಷ ಬಿಟ್ಟರೆ ದಂಡ ಕಟ್ಟಿ ಹಳೆಯದನ್ನೆಲ್ಲ ಸರಿಪಡಿಸದೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಯಾವ ನೆರವಿಗೂ ಅರ್ಜಿ ಹಾಕಲಾಗದ ಸ್ಥಿತಿ ಬರುತ್ತದೆ. ಕೇಂದ್ರ ಸರ್ಕಾರದ ಕಡೆಯಿಂದ ನೆಹರು ಯುವ ಕೇಂದ್ರದ ಜಾಲ ಶುರುವಾದದ್ದು 1972ರಲ್ಲಿ, 2023ರ ಅಕ್ಟೋಬರ್ 31ರಿಂದ ಯುವಜನರಿಗಾಗಿ ಮೇರಾ ಯುವ ಭಾರತ್ ಪೋರ್ಟಲ್ ಇದೆ. 15ರಿಂದ 29 ವಯಸ್ಸಿನ ಸದಸ್ಯರು ಅದರಲ್ಲಿ ಹೆಸರು ಹಾಕಿಕೊಂಡಿರಲಿ.

ಸಮಿತಿ ಬದಲಾದ ದಿನ ಹಸ್ತಾಂತರದ ಪಟ್ಟಿಗೆ ಇಬ್ಬರೂ ಅಧ್ಯಕ್ಷರ ಸಹಿ ಬೇಕು. ಅದರಲ್ಲಿ ಇರಬೇಕಾದವು: ಮೂಲ ನೋಂದಣಿ ಪತ್ರ, ಬೈಲಾ, ಪ್ಯಾನ್ ಕಾರ್ಡ್, ಪಾಸ್‌ಬುಕ್, ಚೆಕ್‌ಬುಕ್, ನಡಾವಳಿ ಪುಸ್ತಕ, ಬಳಸದೆ ಉಳಿದ ರಸೀದಿ ಪುಸ್ತಕಗಳ ಕ್ರಮಸಂಖ್ಯೆ, ಮೊಹರು, ರೂಮಿನ ಬೀಗದ ಕೈ, ಕುರ್ಚಿ, ಪಾತ್ರೆಗಳ ಎಣಿಕೆ, ಫೇಸ್‌ಬುಕ್ ಪುಟದ ಪಾಸ್‌ವರ್ಡ್. ಬ್ಯಾಂಕಿನಲ್ಲಿ ಸಹಿದಾರರ ಬದಲಾವಣೆಗೆ ಠರಾವಿನ ನಕಲು ಕೇಳುತ್ತಾರೆ. ಅದನ್ನು ಅದೇ ಸಭೆಯಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ. ಹಳೆಯ ಖಜಾಂಚಿ ಕೆಲಸ ಸಿಕ್ಕಿ ಊರು ಬಿಟ್ಟ ಮೇಲೆ ಹುಡುಕಿಕೊಂಡು ಹೋದರೆ ಖಾತೆಯಲ್ಲಿ ದುಡ್ಡಿದ್ದೂ ಮುಂದಿನ ಜುಲೈನಲ್ಲಿ ಗಿಡದ ಖರ್ಚಿಗೆ ಒಂದು ಚೆಕ್ಕೂ ಬರೆಯಲಾಗುವುದಿಲ್ಲ.